ಸನ್ನದಿಲ್ಲದ ವಕೀಲರು

ಬಾಸ್ಟನ್ ನಗರಕ್ಕೆ ಹೋದವರು ತಪ್ಪದೆ ನೋಡಿಬರುವ ಸ್ಥಳಗಳು ಕೆಲವುಂಟು. 1773ರಲ್ಲಿ ಚಹದ ಪೆಟ್ಟಿಗೆಗಳನ್ನು ಕಡಲಿಗೆಸೆದ ಬಂದರು. ಬಂಕರ್ ಹಿಲ್ಲಿನ ಕಲ್ಲಿನ ಸ್ತಂಭ. ಚಾರ್ಲ್ಸ್ ನದಿಯ ಆಚೆಯ ದಡದ ಕೇಂಬ್ರಿಜ್ ಊರಿನಲ್ಲಿ ಕವಿ ಲಾಂಗ್‌ಫೆಲೋ ಬಾಳಿದ ಹಳದಿ ಬಣ್ಣದ ಮನೆ. ಅದೇ ಊರಿನ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಅಂಗಳದಲ್ಲಿ ಕುಳಿತಿರುವ ಜಾನ್ ಹಾರ್ವರ್ಡನ ವಿಗ್ರಹ. ಪ್ರವಾಸಿಗರೆಲ್ಲ ಅದೃಷ್ಟಕ್ಕೆಂದು ಮುಟ್ಟಿ ಮುಟ್ಟಿ ಆತನ ಎಡಗಾಲಿನ ಪಾದರಕ್ಷೆಯ ತುದಿ ನಮ್ಮ ದೇವಸ್ಥಾನಗಳ ಹಿತ್ತಾಳೆಯ ಹೊಸ್ತಿಲಿನಂತೆ ಥಳಥಳಿಸುತ್ತದೆ. ಇವೆಲ್ಲವನ್ನೂ ನಾನೂ ಯಥಾವಿಧಿಯಾಗಿ ನೋಡಿದೆ. ಇವುಗಳ ವರ್ಣನೆ ಬೇಕಾದವರಿಗೆ ಪುಸ್ತಕಗಳಿಗೇನೂ ಕೊರತೆಯಿಲ್ಲ. ಯಾವ ಪ್ರವಾಸೀ ಕೈಪಿಡಿಯಲ್ಲಿಯೂ ಇಲ್ಲದ ಒಂದು ಸ್ಥಳವನ್ನು ನಾನು ಅಲ್ಲಿ ಕಂಡೆ. ಅದು ಬಾಡಿಗೆ ಮನೆಗಳ ವ್ಯಾಜ್ಯವನ್ನು ತೀರ್ಮಾನಿಸುವ ನ್ಯಾಯಸ್ಥಾನ. ಅಲ್ಲಿ ಬಡವರ ಪರವಾಗಿ ಎದ್ದು ನಿಂತು ವಾದಿಸುತ್ತಿದ್ದವರು ವಕೀಲರಲ್ಲ. ಇನ್ನೂ ಪರೀಕ್ಷೆ ಮುಗಿಸದ ಕಾನೂನು ವಿದ್ಯಾರ್ಥಿಗಳು.

ಅಕ್ಕ ಮತ್ತು ಭಾವ ಬಾಸ್ಟನ್ನಿನ ಹೊರವಲಯದಲ್ಲಿ ಹಲವು ವರ್ಷಗಳಿಂದ ನೆಲೆಸಿದ್ದಾರೆ. ಅವರ ಒತ್ತಾಯಕ್ಕೆ ಕಟ್ಟುಬಿದ್ದು ದಸರೆಯ ರಜೆಗೆ ಇನ್ನೊಂದಿಷ್ಟು ರಜೆಯನ್ನು ಜೋಡಿಸಿ ನಾನು ಅಲ್ಲಿಗೆ ಹೋಗಿದ್ದೆ. ಅಕ್ಟೋಬರ್ ತಿಂಗಳು. ಮೇಪಲ್ ಮರಗಳ ಎಲೆಗಳು ಕುಂಕುಮ, ಅರಿಸಿನ, ಕೆಮ್ಮಣ್ಣಿನ ಬಣ್ಣಗಳನ್ನು ತಾಳಿ ಉದುರುತ್ತಿದ್ದವು. ಅಕ್ಕನ ಸ್ನೇಹಿತೆಯೊಬ್ಬರ ಮಗಳು ಒಂದು ಸಂಜೆ ಮನೆಗೆ ಬಂದಳು. ಹುಟ್ಟಿ ಬೆಳೆದದ್ದೆಲ್ಲ ಅಲ್ಲಿಯೇ. ಅಡಿಗೆಮನೆಯಲ್ಲಿ ಕಲಿತ ಕನ್ನಡ. ನಗರದ ಕಾನೂನು ಶಾಲೆಯೊಂದರಲ್ಲಿ ಕೊನೆಯ ವರ್ಷದ ವಿದ್ಯಾರ್ಥಿನಿ. ಮೂವತ್ತೈದು ತುಂಬದ ನನ್ನನ್ನು ಆಕೆ 'ಅಂಕಲ್' ಎಂದು ಕರೆದದ್ದಕ್ಕೆ ಅಕ್ಕ ಮುಸಿಮುಸಿ ನಕ್ಕಳು. ಏನು ಓದುತ್ತಿದ್ದೀಯಮ್ಮ ಎಂದು ಕೇಳಿದರೆ, "ಈ ವರ್ಷ ಓದೋದಕ್ಕಿಂತ ಕೋರ್ಟಿಗೆ ಹೋಗೋದೇ ಜಾಸ್ತಿ, ಅಂಕಲ್. ನಾನು ಕ್ಲಿನಿಕ್‌ನಲ್ಲಿದೀನಿ" ಎಂದಳು. ಕ್ಲಿನಿಕ್ಕಿಗೂ ಕೋರ್ಟಿಗೂ ಏನು ಸಂಬಂಧವೆಂದು ನಾನು ಬೆರಗಾದೆ.

ಸಂಬಂಧ ಇಷ್ಟೆ. ವೈದ್ಯಶಾಸ್ತ್ರ ಕಲಿಯುವವನು ಆಸ್ಪತ್ರೆಯಲ್ಲಿ ಹಿರಿಯ ವೈದ್ಯರ ಬೆನ್ನಹಿಂದೆ ನಿಂತು ರೋಗಿಯ ನಾಡಿ ಹಿಡಿಯುತ್ತಾನೆ. ಕಾನೂನು ಕಲಿಯುವವನು ಮಾತ್ರ ಕಕ್ಷಿಗಾರನ ಮುಖವನ್ನೇ ಕಾಣದೆ ಪದವೀಧರನಾಗುವುದು ಏಕೆ? ಅಮೆರಿಕದಲ್ಲಿ 1870ರಿಂದ ಹಾರ್ವರ್ಡ್ ಕಾನೂನು ಶಾಲೆಯ ಮುಖ್ಯಸ್ಥನಾಗಿದ್ದ ಲ್ಯಾಂಗ್‌ಡೆಲ್ ಎಂಬಾತ ಹಳೆಯ ತೀರ್ಪುಗಳನ್ನು ಓದಿಸಿ, ಪ್ರಶ್ನೆ ಕೇಳಿ, ಕಾನೂನು ಕಲಿಸುವ ಕ್ರಮವನ್ನು ಬಳಕೆಗೆ ತಂದ. ಆತನಿಗೆ ಗ್ರಂಥಾಲಯವೇ ಪ್ರಯೋಗಶಾಲೆ. ಜೆರೋಮ್ ಫ್ರಾಂಕ್ ಎಂಬ ಇನ್ನೊಬ್ಬ ನ್ಯಾಯಜ್ಞ 1933ರಲ್ಲಿ ಈ ಕ್ರಮವನ್ನು ಖಂಡಿಸಿ, ಕಾನೂನು ಶಾಲೆಗಳಿಗೂ ಆಸ್ಪತ್ರೆಯಂಥ ಕ್ಲಿನಿಕ್ ಏಕಿರಬಾರದು ಎಂದು ಲೇಖನವೊಂದರಲ್ಲಿ ಕೇಳಿದ. 1968ರ ತರುವಾಯ ಫೋರ್ಡ್ ಪ್ರತಿಷ್ಠಾನದ ಹಣದ ಬಲದಿಂದ ಆ ದೇಶದ ಬಹುಪಾಲು ಕಾನೂನು ಶಾಲೆಗಳಲ್ಲಿ ಇಂಥ ಕ್ಲಿನಿಕ್ಕುಗಳು ಹುಟ್ಟಿಕೊಂಡವು. ಇಲ್ಲಿಗೆ ಬರುವ ರೋಗಿಗಳು ವಕೀಲರಿಗೆ ಶುಲ್ಕ ಕೊಡಲಾರದ ಬಡವರು. ಅವರ ರೋಗ, ನೋಟೀಸು.

ನಾನು ಕುತೂಹಲದಿಂದ ಒಂದೆರಡು ವ್ಯಾಜ್ಯಗಳ ಕಥೆ ಹೇಳೆಂದು ಕೇಳಿದಾಗ ಆ ಹುಡುಗಿ ತಲೆಯಾಡಿಸಿದಳು. "ಕ್ಲೈಂಟ್ ಹೇಳಿದ್ದನ್ನ ನಾನು ಅಮ್ಮನ ಹತ್ರಾನೂ ಹೇಳೋ ಹಾಗಿಲ್ಲ. ನಿಮಗೆ ನೋಡಬೇಕು ಅಂದ್ರೆ ಕೋರ್ಟಿಗೇ ಬನ್ನಿ. ಬಾಗಿಲು ಎಲ್ಲರಿಗೂ ತೆರೆದೇ ಇರತ್ತೆ." ಇಪ್ಪತ್ತನಾಲ್ಕರ ವಯಸ್ಸಿಗೆ ನಾಲಗೆಯ ಮೇಲೆ ಅಷ್ಟು ಹಿಡಿತ! ಹೋಗಲೇಬೇಕೆಂದು ಆಗಲೇ ನಿಶ್ಚಯಿಸಿದೆ.

ಕೆಂಪು ಹಾದಿಯ ರೈಲು ಕೇಂಬ್ರಿಜ್ಜಿನ ನೆಲದಡಿಯಿಂದ ಹೊರಬಂದು ಲಾಂಗ್‌ಫೆಲೋ ಸೇತುವೆಯ ಮೇಲೆ ಚಾರ್ಲ್ಸ್ ನದಿಯನ್ನು ದಾಟುವ ಆ ಒಂದು ನಿಮಿಷ ಬಹಳ ಸೊಗಸು. ಎಡಬಲಗಳಲ್ಲಿ ನೀರು, ಎದುರಿಗೆ ಬೀಕನ್ ಗುಡ್ಡದ ಇಟ್ಟಿಗೆಯ ಮನೆಗಳು. ಪಾರ್ಕ್ ಸ್ಟ್ರೀಟ್ ನಿಲ್ದಾಣದಲ್ಲಿ ಇಳಿದು, ಚಿನ್ನದ ರೇಕಿನ ಗುಮ್ಮಟವಿರುವ ರಾಜ್ಯ ಶಾಸನಸಭೆಯ ಪಕ್ಕದಿಂದ ಗುಡ್ಡ ಹತ್ತಿ ಇಳಿದರೆ ನ್ಯೂ ಚಾರ್ಡನ್ ಬೀದಿ. ಅಲ್ಲಿ 1999ರಲ್ಲಿ ತೆರೆದ ದೊಡ್ಡ ನ್ಯಾಯಾಲಯದ ಕಟ್ಟಡಕ್ಕೆ ಎಡ್ವರ್ಡ್ ಬ್ರೂಕ್ ಎಂಬುವರ ಹೆಸರನ್ನಿಟ್ಟಿದ್ದಾರೆ. 1966ರಲ್ಲಿ ಜನರ ಮತದಿಂದ ಅಮೆರಿಕದ ಸೆನೆಟ್ ಸಭೆಗೆ ಆಯ್ಕೆಯಾದ ಮೊದಲ ಕರಿಯರು ಅವರು.

ಈ ಕಟ್ಟಡದ ನೆರೆಯಲ್ಲೇ ಒಂದು ಕಾಲಕ್ಕೆ ವೆಸ್ಟ್ ಎಂಡ್ ಎಂಬ ಬಡಾವಣೆ ಇತ್ತು. ಇಟಲಿಯವರು, ಯೆಹೂದ್ಯರು, ಪೋಲೆಂಡಿನವರು, ಬಗೆಬಗೆಯ ಬಡ ವಲಸಿಗರು ಒಬ್ಬರ ಮೇಲೊಬ್ಬರಂತೆ ಬಾಡಿಗೆಯ ಮನೆಗಳಲ್ಲಿ ಬದುಕುತ್ತಿದ್ದರು. 1950ರ ದಶಕದ ಕೊನೆಯಲ್ಲಿ ನಗರದ ನವೀಕರಣವೆಂಬ ಹೆಸರಿನಲ್ಲಿ ಅದನ್ನು ಇಡಿಯಾಗಿ ನೆಲಸಮ ಮಾಡಿದರು. ಸಾವಿರಾರು ಜನ ದಿಕ್ಕುದಿಕ್ಕಿಗೆ ಚದುರಿಹೋದರು. ಹರ್ಬರ್ಟ್ ಗ್ಯಾನ್ಸ್ ಎಂಬ ಸಮಾಜಶಾಸ್ತ್ರಜ್ಞ ಕೆಡವುವ ಮುಂಚೆ ಅಲ್ಲಿಯೇ ವಾಸವಾಗಿದ್ದು 1962ರಲ್ಲಿ ಆ ಜನರ ಬಾಳಿನ ಬಗ್ಗೆ ಪುಸ್ತಕ ಬರೆದ. ಕೊಳೆಗೇರಿಯೆಂದು ಅಧಿಕಾರಿಗಳು ಕರೆದದ್ದು ಆತನ ಕಣ್ಣಿಗೆ ಒಂದು ಹಳ್ಳಿಯಂತೆ ಕಂಡಿತ್ತು. ಜನ ಮನೆ ಕಳೆದುಕೊಂಡ ನೆಲದ ಮಗ್ಗುಲಲ್ಲೇ ಮನೆ ಉಳಿಸಿಕೊಳ್ಳಲು ಜನ ಬರುವ ನ್ಯಾಯಾಲಯ ಎದ್ದಿದೆ. ಇದನ್ನು ಯೋಜಿಸಿ ಮಾಡಿದರೆಂದು ನಾನು ಭಾವಿಸುವುದಿಲ್ಲ.

ಗೃಹ ನ್ಯಾಯಾಲಯದ ಮೊಗಸಾಲೆಯಲ್ಲಿ ನಮ್ಮ ಯಾವುದೇ ಜಿಲ್ಲಾ ನ್ಯಾಯಾಲಯದ ಮೊಗಸಾಲೆಯನ್ನು ನೋಡಿದವನಿಗೆ ಹೊಸತೇನೂ ಕಾಣದು. ಬೆಂಚುಗಳ ಮೇಲೆ ಕಾಗದದ ಕಟ್ಟುಗಳನ್ನು ಮಡಿಲಲ್ಲಿಟ್ಟುಕೊಂಡ ಹೆಂಗಸರು, ಕೆಲಸಕ್ಕೆ ರಜೆ ಹಾಕಿ ಬಂದ ಗಂಡಸರು, ಬಿಸ್ಕತ್ತು ತಿನ್ನುತ್ತ ಓಡಾಡುವ ಮಕ್ಕಳು. ಹಾಯಿಟಿಯ ಕ್ರಿಯೋಲ್, ಸ್ಪ್ಯಾನಿಷ್, ವಿಯೆಟ್ನಾಮಿನ ಮಾತು ಕಿವಿಗೆ ಬೀಳುತ್ತಿತ್ತು. ಇಂಗ್ಲಿಷ್ ಬಾರದವರಿಗೆ ನ್ಯಾಯಾಲಯವೇ ದುಭಾಷಿಯನ್ನು ಒದಗಿಸುತ್ತದೆ. ಕರಿಯ ಕೋಟಿನ, ಬಿಳಿಯ ಪಟ್ಟಿಯ ವಕೀಲರನ್ನು ಅರಸಿದ ನನ್ನ ಕಣ್ಣಿಗೆ ಒಬ್ಬರೂ ಸಿಗಲಿಲ್ಲ. ಅಲ್ಲಿ ನಿಲುವಂಗಿ ನ್ಯಾಯಾಧೀಶರಿಗೆ ಮಾತ್ರ. ವಕೀಲರು, ವಿದ್ಯಾರ್ಥಿಗಳು, ಕಕ್ಷಿಗಾರರು ಎಲ್ಲರೂ ಸಾಧಾರಣ ಉಡುಪಿನಲ್ಲಿದ್ದುದರಿಂದ, ಯಾರು ಯಾರೆಂದು ತಿಳಿಯಲು ಮುಖದ ಮೇಲಿನ ಗಾಬರಿಯ ಪ್ರಮಾಣವನ್ನೇ ಅಳೆಯಬೇಕಾಯಿತು. ಅತಿ ಹೆಚ್ಚು ಗಾಬರಿಯಲ್ಲಿದ್ದವರು ವಿದ್ಯಾರ್ಥಿಗಳು.

ನಮ್ಮ ಹುಡುಗಿಯ ವ್ಯಾಜ್ಯ ಆ ದಿನ ಇರಲಿಲ್ಲ. ಸಹಪಾಠಿಗಳಿಬ್ಬರ ವ್ಯಾಜ್ಯವಿತ್ತು. ಆಕೆ ನನ್ನ ಪಕ್ಕದಲ್ಲಿ ಕುಳಿತು ಕಾನೂನನ್ನು ಮಾತ್ರ ಪಿಸುದನಿಯಲ್ಲಿ ವಿವರಿಸಿದಳು.

ಆ ಕಾನೂನನ್ನು ಬೆಂಗಳೂರಿನ ಬಾಡಿಗೆದಾರರು ಕಿವಿಗೊಟ್ಟು ಕೇಳಬೇಕು. ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಮನೆಯ ಒಡೆಯನು ಠೇವಣಿಯಾಗಿ, ಎಂದರೆ ನಾವು 'ಅಡ್ವಾನ್ಸು' ಎನ್ನುವ ಹಣವಾಗಿ, 1 ತಿಂಗಳ ಬಾಡಿಗೆಗಿಂತ ಹೆಚ್ಚು ಪಡೆಯುವಂತಿಲ್ಲ. (10 ತಿಂಗಳ ಅಡ್ವಾನ್ಸು ತೆತ್ತು ಬಂದವನ ಎದೆಯಲ್ಲಿ ಆಗ ಏನೇನು ಆಯಿತೆಂದು ವರ್ಣಿಸಲಾರೆ.) ಆ ಹಣವನ್ನು ಒಡೆಯನು ತನ್ನ ಹಣದೊಡನೆ ಬೆರೆಸದೆ, ಅದೇ ರಾಜ್ಯದ ಬ್ಯಾಂಕಿನಲ್ಲಿ, ಬಡ್ಡಿ ಬರುವ ಪ್ರತ್ಯೇಕ ಖಾತೆಯಲ್ಲಿ ಇಟ್ಟು, 30 ದಿನಗಳೊಳಗೆ ಬಾಡಿಗೆದಾರನಿಗೆ ರಶೀದಿ ಕೊಡಬೇಕು. ಹಾಗೆ ಪ್ರತ್ಯೇಕವಾಗಿ ಇಡದಿದ್ದರೆ ಠೇವಣಿಯ ಮೂರು ಪಟ್ಟು ಹಣವನ್ನು ತೆರಬೇಕಾಗಿ ಬರಬಹುದು. ಚಳಿಗಾಲದಲ್ಲಿ ಹಗಲು 68, ಇರುಳು 64 ಫಾರೆನ್‌ಹೀಟ್ ಡಿಗ್ರಿಗಳಿಗಿಂತ ಮನೆ ತಣ್ಣಗಾಗಬಾರದು. ಅಷ್ಟು ಶಾಖ ಕೊಡಬಲ್ಲ ವ್ಯವಸ್ಥೆ ಮನೆಯಲ್ಲಿರಬೇಕಾದದ್ದು ಒಡೆಯನ ಹೊಣೆ. 1973ರಲ್ಲಿ ಆ ರಾಜ್ಯದ ಅತ್ಯುಚ್ಚ ನ್ಯಾಯಾಲಯ ಹೀಗೆಂದು ತೀರ್ಪಿತ್ತಿತು: ಮನೆಯನ್ನು ಬಾಡಿಗೆಗೆ ಕೊಡುವುದೆಂದರೆ ಅದು ವಾಸಯೋಗ್ಯವಾಗಿದೆಯೆಂದು ವಚನವಿತ್ತಂತೆ, ವಾಸಯೋಗ್ಯವಲ್ಲದ ಮನೆಗೆ ಪೂರ್ತಿ ಬಾಡಿಗೆ ಸಲ್ಲದು.

ಬಾಡಿಗೆ ಬಾಕಿಯೆಂದು ಒಡೆಯನು 14 ದಿನಗಳ ನೋಟೀಸು ಕೊಟ್ಟು ದಾವೆ ಹೂಡಿದಾಗ ಬಾಡಿಗೆದಾರನು ಈ ಎಲ್ಲ ಲೋಪಗಳನ್ನೂ ಎದುರು ದಾವೆಯಾಗಿ ಮುಂದಿಡಬಹುದು. ಒಡೆಯನಿಂದ ಬರಬೇಕಾದದ್ದು ಬಾಕಿಗೆ ಸಮವಾದರೆ ಅಥವಾ ಮೀರಿದರೆ ಮನೆ ಬಿಡಬೇಕಾಗಿಲ್ಲ. ಕಡಿಮೆಯಾದರೆ ವ್ಯತ್ಯಾಸದ ಹಣವನ್ನು 7 ದಿನಗಳೊಳಗೆ ಕಟ್ಟಿ ಮನೆಯನ್ನು ಉಳಿಸಿಕೊಳ್ಳಬಹುದು. ಠೇವಣಿಯ ಲೋಪವನ್ನೂ ಈ ಲೆಕ್ಕಕ್ಕೆ ತರಬಹುದೆಂದು 2016ರಲ್ಲಿ ಅದೇ ಅತ್ಯುಚ್ಚ ನ್ಯಾಯಾಲಯ ಸ್ಪಷ್ಟಪಡಿಸಿತು. ನೋಡಿರಿ, ಎಷ್ಟು ಸೊಗಸಾದ ಕಾನೂನು! ಆದರೆ ಎರಡು ಕೆಲಸ ಮಾಡಿ, ಮಕ್ಕಳನ್ನು ಸಾಕುತ್ತ, ಇಂಗ್ಲಿಷನ್ನು ತಡವರಿಸಿ ಓದುವ ಹೆಂಗಸೊಬ್ಬಳಿಗೆ ಇದು ಹೇಗೆ ಗೊತ್ತಾಗಬೇಕು? ಬಾಗಿಲಿಗೆ ಅಂಟಿಸಿದ ನೋಟೀಸನ್ನು ಕಂಡೊಡನೆಯೇ ಗಂಟುಮೂಟೆ ಕಟ್ಟಿ ಹೊರಡುವವರು ಬಹಳ ಮಂದಿ.

ಆ ದಿನ ಕರೆದ ವ್ಯಾಜ್ಯದಲ್ಲಿ ಬಾಡಿಗೆದಾರಳು ಹಾಯಿಟಿಯಿಂದ ಬಂದ ನಡುವಯಸ್ಸಿನ ಹೆಂಗಸು. ಡಾರ್ಚೆಸ್ಟರ್ ಭಾಗದ ಮೂರಂತಸ್ತಿನ ಮನೆಯೊಂದರ ನಡುವಣ ಅಂತಸ್ತಿನಲ್ಲಿ ವಾಸ. ಬಾಸ್ಟನ್ನಿನ ಈ ಮೂರಂತಸ್ತಿನ ಮರದ ಮನೆಗಳು ಒಂದು ವಿಶೇಷ. 19ನೆಯ ಶತಮಾನದ ಕೊನೆಯ ದಶಕಗಳಿಂದ ದುಡಿಯುವ ಜನರಿಗೆಂದು ಸಾಲುಸಾಲಾಗಿ ಕಟ್ಟಿದವು. ಅಂತಸ್ತಿಗೊಂದು ಸಂಸಾರ, ಮುಂದುಗಡೆ ಒಂದರ ಮೇಲೊಂದು ಜಗಲಿ. ನಿಂತ ವಠಾರವೆನ್ನಿ. ಅನೇಕ ಕಡೆ ಒಡೆಯನೂ ಅದೇ ಮನೆಯ ಒಂದು ಅಂತಸ್ತಿನಲ್ಲಿದ್ದು ಉಳಿದೆರಡನ್ನು ಬಾಡಿಗೆಗೆ ಕೊಡುತ್ತಾನೆ. ಇಲ್ಲಿಯೂ ಹಾಗೆಯೇ. ಒಡೆಯ ಎಪ್ಪತ್ತು ದಾಟಿದ ಮುದುಕ. ಅವನೂ ಎಂದೋ ಹೊರನಾಡಿನಿಂದ ಬಂದವನೇ. ವಕೀಲರಿಲ್ಲದೆ ಒಬ್ಬನೇ ಬಂದಿದ್ದ. ನಾಲ್ಕು ತಿಂಗಳ ಬಾಡಿಗೆ ಬಂದಿಲ್ಲವೆಂಬುದು ಅವನ ದೂರು.

ಹೆಂಗಸಿನ ಪಕ್ಕದಲ್ಲಿ ಇಬ್ಬರು ವಿದ್ಯಾರ್ಥಿಗಳು, ಒಬ್ಬ ಹುಡುಗಿ, ಒಬ್ಬ ಹುಡುಗ. ಅವರ ಹಿಂದೆ ಕುರ್ಚಿಯಲ್ಲಿ ಮಾರ್ಗದರ್ಶಿ ವಕೀಲೆ. ಆ ರಾಜ್ಯದ ನ್ಯಾಯಾಲಯದ ನಿಯಮವೊಂದು ಕಾನೂನು ಶಾಲೆಯ ಮುಖ್ಯಸ್ಥರ ಯೋಗ್ಯತಾಪತ್ರ ಪಡೆದ ಹಿರಿಯ ವಿದ್ಯಾರ್ಥಿಗಳು ಸನ್ನದುಳ್ಳ ವಕೀಲರ ಮೇಲ್ವಿಚಾರಣೆಯಲ್ಲಿ ಬಡವರ ಪರವಾಗಿ ವಾದಿಸಬಹುದೆನ್ನುತ್ತದೆ. ಒಂದು ಕಟ್ಟುಪಾಡು: ಕಕ್ಷಿಗಾರರಿಂದ ಬಿಡಿಗಾಸನ್ನೂ ಮುಟ್ಟುವಂತಿಲ್ಲ.

ಹುಡುಗಿ ಎದ್ದಳು. ಕೈಯಲ್ಲಿದ್ದ ಹಾಳೆ ನಡುಗುತ್ತಿದ್ದುದು ನಾನು ಕುಳಿತಲ್ಲಿಗೂ ಕಾಣುತ್ತಿತ್ತು. ದನಿ ಮಾತ್ರ ನಡುಗಲಿಲ್ಲ. ಕಳೆದ ಚಳಿಗಾಲದಲ್ಲಿ ಬಾಯ್ಲರು ಎಷ್ಟು ದಿನ ಕೆಟ್ಟಿತ್ತು, ನಗರದ ತಪಾಸಣಾಧಿಕಾರಿ ಬಂದು ಏನು ಬರೆದು ಹೋದ, ಇವೆಲ್ಲವನ್ನೂ ಒಂದೊಂದಾಗಿ ಕೇಳಿ ಮುದುಕನಿಂದ ಉತ್ತರ ಪಡೆದಳು. ಆಮೇಲೆ, ಈಕೆ ಮನೆಗೆ ಬಂದಾಗ ಕೊಟ್ಟ ಠೇವಣಿಯನ್ನು ಯಾವ ಬ್ಯಾಂಕಿನಲ್ಲಿ ಇಟ್ಟಿದ್ದೀರಿ ಎಂದು ಕೇಳಿದಳು.

ಮುದುಕ ಹೇಳಿದ: "ಬ್ಯಾಂಕಿನಲ್ಲಿಲ್ಲ. ಸೂರು ಸೋರುತ್ತಿತ್ತು. ಆ ಹಣದಿಂದಲೇ ಸೂರು ಹೊದಿಸಿದೆ. ಅವಳ ತಲೆಯ ಮೇಲಿನ ಸೂರೇ ಅಲ್ಲವೇ ಅದು?"

ಹುಡುಗಿ ಒಂದು ಕ್ಷಣ ಸುಮ್ಮನೆ ನಿಂತಳು. ಗೆಲುವಿನ ಉತ್ತರ ಅವಳಿಗೆ ಸಿಕ್ಕಿತ್ತು. ರಶೀದಿ ಕೊಟ್ಟಿರಾ ಎಂಬ ಇನ್ನೊಂದು ಪ್ರಶ್ನೆಯನ್ನು ಮೆಲ್ಲಗೆ ಕೇಳಿ ಕುಳಿತುಬಿಟ್ಟಳು. ಮುದುಕ ನ್ಯಾಯಾಧೀಶೆಯ ಕಡೆಗೆ ತಿರುಗಿ, "ಅವಳಿಗೆ ವಕೀಲರು ಇಬ್ಬರಿದ್ದಾರೆ. ನನಗೆ ಯಾರು ಕೊಡುತ್ತಾರೆ?" ಎಂದ. ಅದರಲ್ಲಿ ಕೋಪವಿರಲಿಲ್ಲ, ನಿಜವಾಗಿ ತಿಳಿಯಬೇಕೆಂಬಂತೆ ಕೇಳಿದ.

ಅಷ್ಟುಹೊತ್ತು ನಾನು ಮನಸ್ಸಿನಲ್ಲಿ ಪಕ್ಷ ಕಟ್ಟಿ ಕುಳಿತಿದ್ದೆ. ಬಾಡಿಗೆ ಮನೆಗಳಲ್ಲಿಯೇ ಬೆಳೆದವನು. ಒಡೆಯರೆಂದರೆ ಒಂದೇ ಜಾತಿಯೆಂದು ನಂಬಿದವನು. ನ್ಯಾಯದ ತಕ್ಕಡಿಯನ್ನು ಸರಿದೂಗಿಸಲೆಂದು ಒಂದು ತಟ್ಟೆಗೆ ಹಾಕಿದ ಕಲ್ಲು ಇನ್ನೊಂದು ಕಡೆಯ ಬಡವನನ್ನು ಮೇಲಕ್ಕೆತ್ತಿ ತೂಗಾಡಿಸುವುದನ್ನು ಅಲ್ಲಿ ಕಣ್ಣಾರೆ ಕಂಡೆ. ಕಂಪನಿಗಳು ಒಡೆಯರಾಗಿರುವ ಮನೆಗಳ ವಿಷಯ ಬೇರೆ. ಅವು ಆ ನ್ಯಾಯಾಲಯಕ್ಕೆ ವಕೀಲರಿಲ್ಲದೆ ಬರುವಂತೆಯೇ ಇಲ್ಲ. ಆ ದಿನ ಬಂದ ವ್ಯಾಜ್ಯಗಳಲ್ಲಿ ಒಬ್ಬನೇ ವಕೀಲ ಒಂದಾದ ಮೇಲೊಂದರಂತೆ ಬೇರೆ ಬೇರೆ ಬಾಡಿಗೆದಾರರ ಮೇಲೆ ದಾವೆ ನಡೆಸುತ್ತಿದ್ದುದನ್ನೂ, ಎದುರಿಗೆ ನಿಂತವರಲ್ಲಿ ಹೆಚ್ಚಿನವರಿಗೆ ಯಾರೂ ಇಲ್ಲದಿದ್ದುದನ್ನೂ ನೋಡಿದೆ. ಈ ಮುದುಕನ ಸ್ಥಿತಿ ಅಪವಾದವೆಂದು ನನ್ನ ಪಕ್ಕದ ಹುಡುಗಿ ಹೇಳಿದಳು. ಅಪವಾದ ಹೌದು. ಆದರೆ ಅವನು ಎದುರಿಗೇ ನಿಂತಿದ್ದ.

ನ್ಯಾಯಾಧೀಶೆ ಅವನ ಪ್ರಶ್ನೆಗೆ ಉತ್ತರವನ್ನಿತ್ತರು. ನ್ಯಾಯಾಲಯದಲ್ಲಿ ಸ್ವಯಂಸೇವಕ ವಕೀಲರು ಕುಳಿತುಕೊಳ್ಳುವ ಮೇಜೊಂದಿದೆ. ವಕೀಲರಿಲ್ಲದ ಬಡ ಬಾಡಿಗೆದಾರರಿಗೂ, ತನ್ನ ಮನೆಯಲ್ಲೇ ವಾಸಿಸುವ ಇಂಥ ಸಣ್ಣ ಒಡೆಯರಿಗೂ ಅಲ್ಲಿ ಆ ದಿನದ ಮಟ್ಟಿಗೆ ಸಲಹೆ ಸಿಗುತ್ತದೆ. ಮುದುಕನನ್ನು ಅಲ್ಲಿಗೆ ಕಳುಹಿಸಿ, ಅನಂತರ ಇಬ್ಬರೂ ಗೃಹತಜ್ಞರೆಂಬ ಮಧ್ಯಸ್ಥ ಅಧಿಕಾರಿಯ ಬಳಿ ಕುಳಿತು ಮಾತನಾಡಿ ಬರಲೆಂದು ಅಪ್ಪಣೆ ಮಾಡಿದರು.

ಒಂದೂವರೆ ಗಂಟೆಯ ಮೇಲೆ ಮರಳಿ ಬಂದರು. ಬಾಕಿಯ ಬಹುಪಾಲಿಗೆ ರಾಜ್ಯದ ತುರ್ತು ಬಾಡಿಗೆ ನಿಧಿಗೆ ಇಬ್ಬರೂ ಸೇರಿ ಅರ್ಜಿ ಹಾಕುವುದು. ಠೇವಣಿಗೂ ಚಳಿಗೂ ಈಡಾಗಿ ಒಂದಿಷ್ಟನ್ನು ಒಡೆಯ ಬಿಟ್ಟುಕೊಡುವುದು. ನವೆಂಬರ್ 15ರೊಳಗೆ ಬಾಯ್ಲರನ್ನು ರಿಪೇರಿ ಮಾಡಿಸುವುದು. ಬರುವ ತಿಂಗಳಿಂದ ಬಾಡಿಗೆ ತಪ್ಪದೆ ಕೊಡುವುದು. ನ್ಯಾಯಾಧೀಶೆ ಒಂದೊಂದು ಸಾಲನ್ನೂ ಓದಿ, ಅರ್ಥವಾಯಿತೇ, ಯಾರಾದರೂ ಬಲವಂತ ಮಾಡಿದರೇ ಎಂದು ಇಬ್ಬರನ್ನೂ ಬೇರೆಬೇರೆಯಾಗಿ ಕೇಳಿದರು. ದುಭಾಷಿಯ ಮೂಲಕ ಹೆಂಗಸು ಇಲ್ಲವೆಂದಳು. ಮುದುಕ ಕನ್ನಡಕ ಒರೆಸಿಕೊಂಡು ರುಜು ಹಾಕಿದ. ಇಬ್ಬರೂ ಒಂದೇ ಮನೆಗೆ ಹಿಂದಿರುಗಬೇಕಾದವರು. ಒಂದೇ ಬಸ್ಸಿನಲ್ಲಿ ಹೋದರೋ ಏನೋ.

ಮೊಗಸಾಲೆಯ ಬೆಂಚಿನ ಮೇಲೆ ಮಾರ್ಗದರ್ಶಿ ವಕೀಲೆ ಆ ಹುಡುಗಿಯನ್ನು ಕೂರಿಸಿಕೊಂಡು, ಗೆದ್ದೆಯೆಂದು ಬೆನ್ನು ತಟ್ಟಲಿಲ್ಲ. ಆ ಕೊನೆಯ ಪ್ರಶ್ನೆಯನ್ನು ಏಕೆ ಕೇಳಿದೆ, ಮುದುಕನ ಮಾತು ಕೇಳಿದಾಗ ನಿನಗೇನನ್ನಿಸಿತು, ಅನ್ನಿಸಿದ್ದನ್ನು ಬದಿಗಿಟ್ಟು ಕಕ್ಷಿಗಾರಳ ಕೆಲಸ ಮಾಡಲು ಸಾಧ್ಯವಾಯಿತೇ ಎಂದು ಕೇಳುತ್ತ ಹೋದರು. ಹುಡುಗಿಯ ಕಣ್ಣಲ್ಲಿ ನೀರಿತ್ತು. ವರ್ಷಕ್ಕೆ ಕೆಲವು ನೂರು ಉತ್ತರಪತ್ರಿಕೆಗಳನ್ನು ತಿದ್ದುವ ವೃತ್ತಿ ನನ್ನದು. ಒಬ್ಬ ವಿದ್ಯಾರ್ಥಿಯ ಒಂದು ಪ್ರಶ್ನೆಯ ಮೇಲೆ ಅರ್ಧ ಗಂಟೆ ಕಳೆಯುವ ಅಧ್ಯಾಪಕರನ್ನು ಕಂಡು ನನಗೆ ಗೌರವವೂ ಸ್ವಲ್ಪ ಮತ್ಸರವೂ ಉಂಟಾಯಿತು.

ಮರುದಿನ ಹಾರ್ವರ್ಡಿನ ಕಾನೂನು ಶಾಲೆಯ ಕಡೆಗೆ ಹೋದೆ. ವಿದ್ಯಾರ್ಥಿಗಳ ಈ ಬಗೆಯ ಸಂಸ್ಥೆಗಳಲ್ಲಿ ಬಹಳ ಹಳೆಯದು ಅಲ್ಲಿದೆ. ಹೆಸರು ಹಾರ್ವರ್ಡ್ ಲೀಗಲ್ ಏಡ್ ಬ್ಯೂರೋ, ಹುಟ್ಟಿದ್ದು 1913ರಲ್ಲಿ. ಇಂದು ಎವರೆಟ್ ಬೀದಿಯ 23ನೆಯ ನಂಬರಿನ ಕಟ್ಟಡದಲ್ಲಿ ಅದರ ಕಚೇರಿ. ಸುಮಾರು 50 ವಿದ್ಯಾರ್ಥಿಗಳು 2 ವರ್ಷಗಳ ಮಟ್ಟಿಗೆ, ವಾರಕ್ಕೆ 20 ಗಂಟೆಗಳಿಗೆ ಕಡಿಮೆಯಿಲ್ಲದಂತೆ ದುಡಿಯುತ್ತಾರೆ. ಅಧ್ಯಕ್ಷರಿಂದ ಮೊದಲುಗೊಂಡು ಆಡಳಿತವೆಲ್ಲ ಅವರದೇ. ಮನೆ, ಸಂಸಾರ, ಕೊಡದೆ ಉಳಿಸಿಕೊಂಡ ಕೂಲಿ, ಸರಕಾರದ ಸಹಾಯಧನ ಇವು ಅವರು ಕೈಗೊಳ್ಳುವ ವ್ಯಾಜ್ಯಗಳು. ಮುಂದೆ ಅಧ್ಯಕ್ಷರ ಪತ್ನಿಯಾದ ಮಿಷೆಲ್ ಒಬಾಮ ವಿದ್ಯಾರ್ಥಿನಿಯಾಗಿ ಇಲ್ಲಿ ದುಡಿದವರು. ಅವರ ಪತಿ 1990ರಲ್ಲಿ ಅದೇ ಶಾಲೆಯ ಪ್ರಸಿದ್ಧ ಕಾನೂನು ಪತ್ರಿಕೆಗೆ ಅಧ್ಯಕ್ಷರಾಗಿದ್ದರು. ಬರೆಯುವ ಕೆಲಸ ಗಂಡನಿಗೆ, ಕಕ್ಷಿಗಾರರೊಡನೆ ಏಗುವ ಕೆಲಸ ಹೆಂಡತಿಗೆ ಎಂಬುದು ನಮ್ಮ ಓದುಗ ಮಹಿಳೆಯರಿಗೆ ಆಶ್ಚರ್ಯವೆನಿಸಲಾರದು. 1931ರಲ್ಲಿ ಓದು ಮುಗಿಸಿದ ವಿಲಿಯಂ ಬ್ರೆನನ್ ಕೂಡ ಬ್ಯೂರೋದಲ್ಲಿದ್ದವರೇ. ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾದ ಮೇಲೆ, ಬಡವರ ಸಹಾಯಧನವನ್ನು ಅವರ ಅಹವಾಲು ಕೇಳದೆ ನಿಲ್ಲಿಸಬಾರದೆಂಬ 1970ರ ತೀರ್ಪನ್ನು ಬರೆದವರು ಅವರು.

ಬಾಸ್ಟನ್ನಿನಲ್ಲಿ ಈ ಪರಂಪರೆ ಇನ್ನೂ ಹಿಂದಕ್ಕೆ ಹೋಗುತ್ತದೆ. ಅಲ್ಲಿನ ಕಾನೂನು ನೆರವಿನ ಸಂಘ 1900ರಷ್ಟು ಹಳೆಯದು. ಅದರ ಮುಖ್ಯಸ್ಥನಾಗಿದ್ದ ರೆಜಿನಾಲ್ಡ್ ಹೀಬರ್ ಸ್ಮಿತ್ ಎಂಬ ತರುಣ ವಕೀಲ 1919ರಲ್ಲಿ ನ್ಯಾಯ ಮತ್ತು ಬಡವರ ಬಗ್ಗೆ ಪ್ರಕಟಿಸಿದ ಪುಸ್ತಕ, ಹಣವಿಲ್ಲದವನಿಗೆ ಅಮೆರಿಕದ ನ್ಯಾಯಾಲಯದ ಬಾಗಿಲು ಹೇಗೆ ಮುಚ್ಚಿದೆಯೆಂದು ಲೆಕ್ಕವಿಟ್ಟು ತೋರಿಸಿತು.

ವಿದ್ಯಾರ್ಥಿಗಳ ನೆರವಿನಿಂದ ನಿಜವಾಗಿ ಪ್ರಯೋಜನವುಂಟೇ? ನಮ್ಮಲ್ಲಿ ಯಾರೂ ಕೇಳದ ಈ ಪ್ರಶ್ನೆಯನ್ನು ಅಲ್ಲಿ ಕೇಳಿದ್ದಾರೆ. ಜೇಮ್ಸ್ ಗ್ರೈನರ್, ಕ್ಯಾಸಂಡ್ರಾ ಪಟ್ಟನಾಯಕ್ ಎಂಬ ವಿದ್ವಾಂಸರು ಬ್ಯೂರೋದ ಒಪ್ಪಿಗೆ ಪಡೆದು, ನಿರುದ್ಯೋಗ ಭತ್ಯೆಯ ಮೇಲ್ಮನವಿಗಳಲ್ಲಿ ನೆರವು ಕೋರಿದವರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಬ್ಯೂರೋ ನೆರವು ನೀಡಲು ಮುಂದಾಯಿತು, ಇನ್ನೊಂದಕ್ಕೆ ಇಲ್ಲ. 2012ರಲ್ಲಿ ಪ್ರಕಟವಾದ ಫಲಿತಾಂಶ ಯಾರಿಗೂ ಹಿತವಾಗಿರಲಿಲ್ಲ. ಗೆಲುವಿನಲ್ಲಿ ಗಣನೀಯ ಅಂತರವೇ ಕಾಣಲಿಲ್ಲ. ವಿಚಾರಣೆ ಮಾತ್ರ ತಡವಾಯಿತು! ಆ ಬಗೆಯ ವಿಚಾರಣೆಗಳಲ್ಲಿ ಅಧಿಕಾರಿಗಳೇ ಪ್ರಶ್ನೆ ಕೇಳಿ ಸತ್ಯವನ್ನು ಹೊರಗೆಳೆಯುತ್ತಾರೆ, ತಾವಾಗಿ ನೆರವು ಕೇಳಿ ಬರುವವರು ಸ್ವತಃ ಚುರುಕಾಗಿರುತ್ತಾರೆ, ಎಂದೆಲ್ಲ ಚರ್ಚೆಯಾಯಿತು. ಗ್ರೈನರ್ ಮತ್ತು ಜೊತೆಯವರು ಅದೇ ರಾಜ್ಯದ ಜಿಲ್ಲಾ ನ್ಯಾಯಾಲಯವೊಂದರಲ್ಲಿ ಮನೆ ತೆರವಿನ ವ್ಯಾಜ್ಯಗಳ ಮೇಲೆ ನಡೆಸಿದ ಇನ್ನೊಂದು ಪರೀಕ್ಷೆಯಲ್ಲಿ ಫಲ ಬೇರೆಯಾಯಿತು. ಅಲ್ಲಿ ನೆರವಿತ್ತವರು ವಿದ್ಯಾರ್ಥಿಗಳಲ್ಲ, ವಕೀಲರು. ಪೂರ್ಣ ವಕಾಲತ್ತು ದೊರೆತ ಗುಂಪಿನಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮಂದಿ ಮನೆ ಉಳಿಸಿಕೊಂಡರು; ಬರಿಯ ಸಲಹೆ ದೊರೆತವರಲ್ಲಿ ಮೂರರಲ್ಲಿ ಒಂದು ಪಾಲು. ಮನೆಯ ವ್ಯಾಜ್ಯದಲ್ಲಿ ಪಕ್ಕದಲ್ಲೊಬ್ಬರು ನಿಲ್ಲುವುದರಿಂದ ಫಲವುಂಟು ಎಂದಾಯಿತು. ತನ್ನ ಸೇವೆಯನ್ನೇ ಹೀಗೆ ತೂಕಕ್ಕೆ ಹಾಕಿಸಿಕೊಂಡ ಬ್ಯೂರೋದ ಎದೆಗಾರಿಕೆ ನನಗೆ ಅದರ ಹಳಮೆಗಿಂತ ದೊಡ್ಡದಾಗಿ ಕಂಡಿತು.

ಅಲ್ಲಿನ ಸ್ಥಿತಿಯನ್ನು ಹೊಗಳುವ ಭರದಲ್ಲಿ ಒಂದು ಮಾತನ್ನು ಮರೆಯಬಾರದು. ಅಮೆರಿಕದಲ್ಲಿ ಗಂಭೀರ ಅಪರಾಧದ ಆರೋಪ ಹೊತ್ತ ಬಡವನಿಗೆ ವಕೀಲರನ್ನು ಕೊಡಲೇಬೇಕೆಂದು 1963ರಲ್ಲಿಯೇ ತೀರ್ಪಾಯಿತು. ಆದರೆ ಮನೆ ಕಳೆದುಕೊಳ್ಳುವವನಿಗೆ ಆ ದೇಶದ ಸಂವಿಧಾನ ಅಂಥ ಹಕ್ಕನ್ನು ಕೊಟ್ಟಿಲ್ಲ. 2017ರಲ್ಲಿ ನ್ಯೂಯಾರ್ಕ್ ನಗರ ತನ್ನ ಬಡ ಬಾಡಿಗೆದಾರರಿಗೆ ಮೊದಲ ಬಾರಿಗೆ ಕಾನೂನು ಮಾಡಿಕೊಂಡಿತು. ನಮ್ಮ ದೇಶದ ಪುಸ್ತಕ ಈ ವಿಷಯದಲ್ಲಿ ಉದಾರ. 1976ರಲ್ಲಿ ಸಂವಿಧಾನಕ್ಕೆ ಸೇರಿದ 39ಎ ವಿಧಿ ಉಚಿತ ಕಾನೂನು ನೆರವನ್ನು ರಾಜ್ಯದ ಕರ್ತವ್ಯವೆಂದು ಸಾರಿತು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆ 1995ರ ನವೆಂಬರ್ 9ರಂದು ಜಾರಿಗೆ ಬಂದಿತು. ಅದರ 12ನೆಯ ಕಲಮಿನಂತೆ ಸ್ತ್ರೀಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡಗಳವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಬಂಧನದಲ್ಲಿರುವವರು ಇವರಿಗೆಲ್ಲ ಆದಾಯದ ಮಿತಿಯಿಲ್ಲದೆ, ಸಿವಿಲ್ ವ್ಯಾಜ್ಯಗಳಲ್ಲಿಯೂ, ಸರಕಾರದ ಖರ್ಚಿನಲ್ಲಿ ವಕೀಲರನ್ನು ಪಡೆಯುವ ಹಕ್ಕಿದೆ. ಉಳಿದವರಿಗೆ ಆದಾಯದ ಮಿತಿಯುಂಟು. ನಮ್ಮ ಹುಡುಗಿಗೆ ಇದನ್ನು ಹೇಳಿದಾಗ, "ಹೌದಾ ಅಂಕಲ್? ಹೆಂಗಸರು ಅಂದ್ರೆ ಸಾಕಾ?" ಎಂದು ಕಣ್ಣರಳಿಸಿದಳು. ಸಾಕು ಎಂದೆ. "ಹಾಗಾದ್ರೆ ಎಲ್ಲರೂ ಹೋಗ್ತಾರಾ?" ಎಂದು ಕೇಳಿದಳು.

ನಮ್ಮಲ್ಲಿಯೂ ಕಾನೂನು ಕಾಲೇಜುಗಳು ನೆರವು ಕೇಂದ್ರವನ್ನು ನಡೆಸಬೇಕೆಂದು ವಕೀಲರ ಪರಿಷತ್ತಿನ 2008ರ ನಿಯಮಗಳು ವಿಧಿಸಿವೆ. ದೆಹಲಿಯಲ್ಲಿ ಇಂಥ ಪ್ರಯೋಗಗಳಿಗೆ ಮೊದಲಿಟ್ಟು, 1987ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯನ್ನು ಕಟ್ಟಿ ಬೆಳೆಸಿದ ಮಾಧವ ಮೆನನ್ ಅವರು ಈ ಬಗೆಯ ಶಿಕ್ಷಣಕ್ಕಾಗಿ ಬದುಕಿನುದ್ದಕ್ಕೂ ಹೆಣಗಿದರು. ಆದರೆ 1961ರ ವಕೀಲರ ಕಾಯಿದೆಯ ಪ್ರಕಾರ ಸನ್ನದಿಲ್ಲದವರು ವಕೀಲಿಯನ್ನು ನಡೆಸುವಂತಿಲ್ಲ. ನ್ಯಾಯಾಲಯ ಒಂದು ಗೊತ್ತಾದ ವ್ಯಾಜ್ಯಕ್ಕೆ ವಿಶೇಷ ಅನುಮತಿ ಕೊಡಬಹುದು, ಅಷ್ಟೆ. ಆದ್ದರಿಂದ ನಮ್ಮ ವಿದ್ಯಾರ್ಥಿಗಳ ಕೆಲಸ ಅರ್ಜಿ ಬರೆದುಕೊಡುವುದು, ತಿಳಿವಳಿಕೆಯ ಶಿಬಿರ ನಡೆಸುವುದು, ಯಾವ ಕಚೇರಿಯ ಯಾವ ಕಿಟಕಿಗೆ ಹೋಗಬೇಕೆಂದು ದಾರಿ ತೋರಿಸುವುದು. ಇದು ಸಣ್ಣ ಕೆಲಸವೆಂದು ನಾನು ಒಪ್ಪುವುದಿಲ್ಲ. ಕಿಟಕಿ ಸಿಗದೆ ಹಿಂದಿರುಗಿದವರನ್ನು ನಾವೆಲ್ಲ ಕಂಡಿದ್ದೇವೆ. ಆದರೂ ಕೊನೆಯ ವರ್ಷದ ವಿದ್ಯಾರ್ಥಿಗೆ ಹಿರಿಯರ ಕಣ್ಣೆದುರಿನಲ್ಲಿ ಒಂದೆರಡು ಸಣ್ಣ ವ್ಯಾಜ್ಯಗಳಲ್ಲಿ ಎದ್ದು ನಿಲ್ಲುವ ಅವಕಾಶವಿದ್ದರೆ, ಎರಡು ಕಡೆಗೂ ಲಾಭವೇ ಅಲ್ಲವೇ?

ಅಲ್ಲಿಯೂ ನ್ಯಾಯಾಲಯದ ಹೊರಗೆ ನಡೆಯುವ ಕೆಲಸವೇ ಹೆಚ್ಚು. 2008ರ ಸುಮಾರಿಗೆ ಸಾಲ ತೀರಿಸಲಾರದವರ ಮನೆಗಳನ್ನು ಬ್ಯಾಂಕುಗಳು ಸಾಲುಸಾಲಾಗಿ ವಶಪಡಿಸಿಕೊಳ್ಳುತ್ತಿದ್ದಾಗ ಬ್ಯೂರೋದ ವಿದ್ಯಾರ್ಥಿಗಳು ಶನಿವಾರಗಳಲ್ಲಿ ಆ ಮನೆಗಳ ಬಾಗಿಲುಗಳನ್ನು ತಟ್ಟುತ್ತ ನಡೆದರು. ಬ್ಯಾಂಕಿನ ಕಾಗದಕ್ಕೆ ಹೆದರಿ ಮನೆ ಬಿಡಬೇಡಿ, ನ್ಯಾಯಾಲಯದ ಆಜ್ಞೆಯಿಲ್ಲದೆ ಯಾರೂ ನಿಮ್ಮನ್ನು ಹೊರಹಾಕುವಂತಿಲ್ಲ ಎಂದು ತಿಳಿಹೇಳುವುದಷ್ಟೇ ಆ ತಟ್ಟುವಿಕೆಯ ಉದ್ದೇಶ. 1973ರಿಂದ ಬಾಡಿಗೆದಾರರನ್ನು ಸಂಘಟಿಸುತ್ತ ಬಂದ ಸಿಟಿ ಲೈಫ್ ಎಂಬ ನೆರೆಹೊರೆಯ ಸಂಘ ಅವರ ಜೊತೆಗೂಡಿತ್ತು. ಜನರ ಒಗ್ಗಟ್ಟು ಕತ್ತಿ, ಕಾನೂನು ಗುರಾಣಿ ಎಂಬುದು ಆ ಸಂಘದವರ ಮಾತು. 2010ರಲ್ಲಿ ಆ ರಾಜ್ಯ, ಬ್ಯಾಂಕು ವಶಪಡಿಸಿಕೊಂಡ ಮನೆಗಳ ಬಾಡಿಗೆದಾರರನ್ನು ತಕ್ಕ ಕಾರಣವಿಲ್ಲದೆ ತೆರವುಗೊಳಿಸಕೂಡದೆಂದು ಕಾಯಿದೆ ಮಾಡಿತು.

ಹುಡುಗಿಯ ಪ್ರಶ್ನೆಗೆ ಅಂದು ನಾನು ಉತ್ತರ ಹೇಳಲಿಲ್ಲ. ಊರಿಗೆ ಬಂದ ಮೇಲೆ ಬೆಂಗಳೂರಿನ ಎಚ್. ಸಿದ್ದಯ್ಯ ರಸ್ತೆಯಲ್ಲಿರುವ ನ್ಯಾಯದೇಗುಲದ ಕಟ್ಟಡವನ್ನು ಹುಡುಕಿಕೊಂಡು ಹೋದೆ. ರಾಜ್ಯ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಅಲ್ಲಿದೆ. ಜಿಲ್ಲೆಗಳಲ್ಲಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಜಿಲ್ಲಾ ಪ್ರಾಧಿಕಾರಗಳೂ ತಾಲ್ಲೂಕುಗಳಲ್ಲಿ ಸಮಿತಿಗಳೂ ಇವೆ. ಅರ್ಜಿಗೆ ಶುಲ್ಕವಿಲ್ಲ. 15100 ಎಂಬ ದೂರವಾಣಿ ಸಂಖ್ಯೆಗೆ ಕರೆ ಮಾಡಿಯೂ ವಿಚಾರಿಸಬಹುದು. ಮನೆಗೆಲಸಕ್ಕೆ ಬರುವ ಹೆಂಗಸಿಗೋ, ಸಂಬಳ ಸಿಗದೆ ಅಲೆಯುತ್ತಿರುವ ಕಾವಲುಗಾರನಿಗೋ ಈ ಸಂಖ್ಯೆಯನ್ನು ಬರೆದುಕೊಟ್ಟರೆ, ನೋಟೀಸೋ ಕರಾರು ಪತ್ರವೋ ರಶೀದಿಯೋ ಕೈಯಲ್ಲಿದ್ದುದೆಲ್ಲವನ್ನೂ ಜೊತೆಗೆ ಕೊಂಡೊಯ್ಯಲು ಹೇಳಿರಿ. ಮೂಲ ಪತ್ರಗಳನ್ನು ಮನೆಯಲ್ಲಿಟ್ಟು ನಕಲುಗಳನ್ನು ಒಯ್ದರೆ ಇನ್ನೂ ಲೇಸು.